ಜೋಡಿ: ಕಥಾಪಾತ್ರಗಳ ಪ್ರಣಯ ಮತ್ತು ಪ್ರೇಕ್ಷಕರ ಒಲವು

ಕಥೆಯಲ್ಲೋ ನಾಟಕದಲ್ಲೋ ಸಿನಿಮಾದಲ್ಲೋ ಬರುವ ಇಬ್ಬರು ಒಬ್ಬರಿಗೊಬ್ಬರು ಒಲಿಯಬೇಕು, ಕೊನೆಗೆ ಒಂದಾಗಬೇಕು ಎಂದು ಓದುಗರೂ ಪ್ರೇಕ್ಷಕರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಆಸೆ, ಆ ಆಸೆಯ ಸುತ್ತ ಬೆಳೆಯುವ ಮಾತು, ವಾದ, ಹಟ, ಹೊಸ ಕಥನ ಇವು ಈ ಲೇಖನದ ವಿಷಯ. ಕಥೆಗಾರ ಕೊಟ್ಟ ಜೋಡಿಯನ್ನೇ ಜನ ಮೆಚ್ಚಿ ಹಚ್ಚಿಕೊಳ್ಳುವುದುಂಟು. ಕಥೆಗಾರ ಅಗಲಿಸಿದವರನ್ನು ತಾವಾಗಿ ಕೂಡಿಸಿಕೊಳ್ಳುವುದೂ ಉಂಟು. ಇಂಗ್ಲಿಷಿನಲ್ಲಿ ಇದಕ್ಕೆ ‘ಶಿಪ್ಪಿಂಗ್’ ಎಂಬ ಹೆಸರು 1990ರ ದಶಕದಲ್ಲಿ ಬಂತು. ಕನ್ನಡಕ್ಕೆ ‘ಜೋಡಿ’ ಎಂಬ ಮಾತೇ ಸಾಕು. ಧಾರಾವಾಹಿ ನೋಡುವ ಮನೆಯಲ್ಲಿ ‘ಇವರಿಬ್ಬರದ್ದು ಒಳ್ಳೆ ಜೋಡಿ’ ಎನ್ನುತ್ತಾರೆ. ಕರಾವಳಿಯಲ್ಲಿ ಯಕ್ಷಗಾನದ ಆಟ ನೋಡಿ ಮುಗಿಸಿ ಮನೆಗೆ ನಡೆಯುವವರು ‘ಇವತ್ತು ಜೋಡಿ ಲಾಯ್ಕುಂಟು’ ಎನ್ನುತ್ತಾರೆ. ಈ ಎರಡನೆಯ ಮಾತಿಗೆ ಎರಡು ಅರ್ಥ: ವೇಷ ಮಾಡಿದ ಕಲಾವಿದರಿಬ್ಬರ ಹೊಂದಾಣಿಕೆ ಚೆನ್ನಾಗಿತ್ತು ಎಂಬುದು ಒಂದು, ಆ ಪಾತ್ರಗಳು ಒಬ್ಬರಿಗೊಬ್ಬರು ತಕ್ಕವರು ಎಂಬುದು ಇನ್ನೊಂದು. ಹೇಳುವವರು ಎರಡನ್ನೂ ಸೇರಿಸಿಯೇ ಹೇಳುತ್ತಾರೆ.

ಈ ಒಲವು ದೂರದರ್ಶನದೊಂದಿಗೆ ಹುಟ್ಟಿದ್ದು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಅದು ಕನ್ನಡ ಕಾವ್ಯದಷ್ಟೇ ಹಳೆಯದು. ಪಾತ್ರಗಳ ಒಳಮನಸ್ಸನ್ನು ಮತ್ತೆ ಮತ್ತೆ ತಿದ್ದಿ ಹೇಳುವ ಒಂದು ಪೂರ್ಣ ಕಲೆಯನ್ನೇ ಇಲ್ಲಿನ ಜನ ಬೆಳೆಸಿಕೊಂಡಿದ್ದಾರೆ. ಅದು ಯಕ್ಷಗಾನದ ತಾಳಮದ್ದಳೆ. ಅದನ್ನು ಕಾಣಲು ಪುತ್ತೂರು, ಸುಳ್ಯ, ಕಡಬದ ಸೀಮೆಗೆ ಹೋಗಬೇಕು.

ಈಶ್ವರಮಂಗಲದ ಪರಿಸರ

ಈಶ್ವರಮಂಗಲ ಪುತ್ತೂರು ತಾಲ್ಲೂಕಿನ ನೆಟ್ಟಣಿಗೆಮುಡ್ನೂರು ಪಂಚಾಯತಿಗೆ ಸೇರಿದ ಪೇಟೆ. ಅಡಿಕೆ ತೋಟ, ರಬ್ಬರು, ಗೇರುಗುಡ್ಡ. ಸ್ವಲ್ಪ ದೂರ ಹೋದರೆ ಕೇರಳದ ಗಡಿ, ಕಾಸರಗೋಡು ಜಿಲ್ಲೆಯ ದೇಲಂಪಾಡಿ, ಅಡೂರು. ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಮರಾಟಿ ಕೇಳುವ ಊರು. ಪಂಚಲಿಂಗೇಶ್ವರ ದೇವಸ್ಥಾನ ಇಲ್ಲಿನ ಹಳೆಯ ಕೇಂದ್ರ. ಹನುಮಗಿರಿಯ ಪಂಚಮುಖಿ ಆಂಜನೇಯ ಕ್ಷೇತ್ರ ಈಚಿನದು. ಅದೇ ಹೆಸರಿನ ಹನುಮಗಿರಿ ಮೇಳ ತೆಂಕುತಿಟ್ಟಿನ ತಿರುಗಾಟದ ಮೇಳಗಳಲ್ಲಿ ಒಂದು. ಕೋಟಿ ಚೆನ್ನಯರ ಪಾಡ್ದನದ ಪಡುಮಲೆ ಇದೇ ನೆರೆಯಲ್ಲಿದೆ. ಗಡಿಯಾಚೆ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು ಕಟ್ಟಿದ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘ ಎಷ್ಟೋ ಮಂದಿಗೆ ಅರ್ಥ ಹೇಳುವುದನ್ನು, ಅಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವುದನ್ನು, ಕಲಿಸಿತು. ಸುಳ್ಯದ ಚೊಕ್ಕಾಡಿಯವರು ಅರ್ಥಧಾರಿ ದೇರಾಜೆ ಸೀತಾರಾಮಯ್ಯ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಕುಳಿತು ಯಕ್ಷಗಾನವನ್ನು ಅಭ್ಯಾಸ ಮಾಡಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಲ್ಲಿಯ ವರ್ಷಕ್ಕೆ ಎರಡು ಭಾಗ. ದೀಪಾವಳಿಯ ಹೊತ್ತಿಗೆ ಮೇಳಗಳು ಗೆಜ್ಜೆ ಕಟ್ಟಿದರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅಷ್ಟೂ ತಿಂಗಳು ‘ಆಟ’. ಆಮೇಲೆ ಮಳೆ ಹಿಡಿದರೆ ಮನೆಯ ಚಾವಡಿ, ದೇವಸ್ಥಾನ, ಸಭಾಭವನಗಳಲ್ಲಿ ‘ಕೂಟ’, ಅಂದರೆ ತಾಳಮದ್ದಳೆ. ಆಟದಲ್ಲಿ ಜೋಡಿಯನ್ನು ಕಣ್ಣಿಂದ ನೋಡುತ್ತಾರೆ, ಕೂಟದಲ್ಲಿ ಕಿವಿಯಿಂದ. ಜನರ ಒಲವು ಈ ಎರಡು ದಾರಿಯಲ್ಲಿ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ.

ಒಂದು ಅಕ್ಷರದ ತಿದ್ದುಪಡಿ

ಚಂದ್ರಹಾಸನ ಕಥೆ ಕನ್ನಡಿಗರಿಗೆ ಬಂದದ್ದು ಮುಖ್ಯವಾಗಿ ಲಕ್ಷ್ಮೀಶನ ಜೈಮಿನಿ ಭಾರತದಿಂದ. ಯಕ್ಷಗಾನದಲ್ಲಿ ಅದು ಬಲು ಬಳಕೆಯ ಪ್ರಸಂಗ. ಕುಂತಳದ ಮಂತ್ರಿ ದುಷ್ಟಬುದ್ಧಿ, ಚಂದ್ರಹಾಸನ ಕೈಯಲ್ಲೇ ಅವನ ಸಾವಿನ ಓಲೆಯನ್ನು ಕೊಟ್ಟು ತನ್ನ ಮಗ ಮದನನ ಬಳಿಗೆ ಕಳುಹಿಸುತ್ತಾನೆ. ಬಂದವನಿಗೆ ವಿಷ ಕೊಡಬೇಕೆಂದು ಅದರಲ್ಲಿ ಬರೆದಿದೆ. ಊರಿನ ಹೊರಗಿನ ಉದ್ಯಾನದಲ್ಲಿ ಚಂದ್ರಹಾಸ ದಣಿದು ಮಲಗಿದ್ದಾಗ ದುಷ್ಟಬುದ್ಧಿಯ ಮಗಳು ವಿಷಯೆ ಅವನನ್ನು ಕಾಣುತ್ತಾಳೆ.

ರಂಗಸ್ಥಳದಲ್ಲಿ ಈ ದೃಶ್ಯ ಹೀಗೆ ನಡೆಯುತ್ತದೆ. ಭಾಗವತರು ಪದವನ್ನು ನಿಧಾನಕ್ಕೆ ಎತ್ತಿಕೊಳ್ಳುತ್ತಾರೆ. ಚೆಂಡೆ ಸುಮ್ಮನಿರುತ್ತದೆ, ಮದ್ದಳೆ ಮಾತ್ರ. ಚಂದ್ರಹಾಸನ ವೇಷ ಒಂದು ಕೈಯನ್ನು ತಲೆಗೆ ಇಂಬಾಗಿಟ್ಟು ಒರಗಿದೆ. ಸ್ತ್ರೀವೇಷ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಾ ಬಂದು ಸೊಂಟಪಟ್ಟಿಯಲ್ಲಿದ್ದ ಓಲೆಯನ್ನು ಎರಡು ಬೆರಳಲ್ಲಿ ಎಳೆಯುತ್ತದೆ. ಓದುತ್ತದೆ. ಮಲಗಿದವನ ಮುಖ ನೋಡುತ್ತದೆ. ಮತ್ತೆ ಓಲೆ ನೋಡುತ್ತದೆ. ಅಪ್ಪನ ಕೈಬರಹ ಗುರುತಾಗಿದೆ, ಅಪ್ಪ ಇಂಥದ್ದು ಬರೆದಿರಲಾರ ಎಂದು ಮನಸ್ಸಿಗೆ ಒಪ್ಪಿಸಿಕೊಳ್ಳಬೇಕಾಗಿದೆ. ಕಣ್ಣಿನ ಕಾಡಿಗೆಯನ್ನು ಕಿರುಬೆರಳ ಉಗುರಿಗೆ ತಂದು ಒಂದೇ ಒಂದು ಅಕ್ಷರವನ್ನು ತಿದ್ದುತ್ತದೆ. ವಿಷ ಹೋಗಿ ವಿಷಯೆ ಆಗುತ್ತದೆ, ಅವಳನ್ನೇ ಅವನಿಗೆ ಕೊಡಬೇಕೆಂದಾಗುತ್ತದೆ. ಸುತ್ತ ಚಾಪೆ ಹಾಸಿಕೊಂಡು ಕೂತ ಹೆಂಗಸರು, ತೂಕಡಿಸುತ್ತಿದ್ದವರೂ, ಆ ಹೊತ್ತಿಗೆ ಎದ್ದು ಕೂರುತ್ತಾರೆ. ಮುಂದೇನಾಗುತ್ತದೆಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರುವುದಿಲ್ಲ.

ಈ ದೃಶ್ಯಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ಬರೆದಾಗಿರುವ ಓಲೆಯನ್ನು ಪ್ರೀತಿಗಾಗಿ ತಿದ್ದುವ ವಿಷಯೆ ಮಾಡುವ ಕೆಲಸವೂ ಜೋಡಿಯೊಂದನ್ನು ಮೆಚ್ಚಿದ ಓದುಗ ಮನಸ್ಸಿನಲ್ಲಿ ಮಾಡುವ ಕೆಲಸವೂ ಒಂದೇ. ನಮ್ಮ ಹಳೆಯ ಕಥೆಗಳು ಪ್ರೇಕ್ಷಕರ ಈ ಆಸೆಗೆ ಕಥೆಯ ಒಳಗೇ ಒಂದು ಪಾತ್ರವನ್ನು ಮೀಸಲಿಟ್ಟಿವೆ. ನಳ–ದಮಯಂತಿಯರ ನಡುವೆ ಹಂಸವಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಹಂಸದ ಮಾತಿನಿಂದಲೇ ಒಲಿಯುತ್ತಾರೆ. ಉಷೆ ಕನಸಿನಲ್ಲಿ ಕಂಡವನನ್ನು ಹೆಸರಿಸಲಾರದೆ ಸೊರಗಿದಾಗ ಗೆಳತಿ ಚಿತ್ರಲೇಖೆ ರಾಜಕುಮಾರರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸಿ ಅನಿರುದ್ಧನನ್ನು ಪತ್ತೆ ಮಾಡಿ, ರಾತ್ರೋರಾತ್ರಿ ಎತ್ತಿಕೊಂಡೇ ಬರುತ್ತಾಳೆ. ಮಗಳು ಕನಕಾಂಗಿಯನ್ನು ಬಲರಾಮ ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡುವುದೆಂದು ನಿಶ್ಚಯಿಸಿದಾಗ, ಅವಳು ಅಭಿಮನ್ಯುವಿಗೇ ಸಲ್ಲಬೇಕೆಂದು ಘಟೋತ್ಕಚ ಮಾಯೆ ಹೂಡುತ್ತಾನೆ. ಹಂಸ, ಚಿತ್ರಲೇಖೆ, ಘಟೋತ್ಕಚ ಮೂವರೂ ಪ್ರೇಕ್ಷಕರ ಪಕ್ಷದವರು. ಸಭೆ ಬಯಸಿದ್ದನ್ನು ಅವರು ರಂಗದಲ್ಲಿ ಮಾಡುತ್ತಾರೆ. ಕಲ್ಯಾಣ, ಪರಿಣಯ ಎಂದು ಕೊನೆಗೊಳ್ಳುವ ಹೆಸರಿನ ಪ್ರಸಂಗಗಳು ಯಕ್ಷಗಾನದಲ್ಲಿ ಅಷ್ಟೊಂದು ಇರುವುದು ಸುಮ್ಮನೆ ಅಲ್ಲ.

ಆಟದ ಜೋಡಿಗೆ ವೇಷದ ಲೆಕ್ಕವೂ ಇದೆ. ಅಭಿಮನ್ಯುವಿನಂಥ ಎಳೆಯ ವೀರರು ಪುಂಡುವೇಷ; ಪುತ್ತೂರು ಶ್ರೀಧರ ಭಂಡಾರಿಯವರ ಹೆಸರು ಈ ವೇಷಕ್ಕೆ ಅಂಟಿಕೊಂಡದ್ದು. ಎದುರಿನ ಸ್ತ್ರೀವೇಷ ಪುಂಡುವೇಷದ ಚುರುಕಿಗೆ ಸಮನಾಗಿ ಕುಣಿಯಬೇಕು, ಆದರೆ ಅದನ್ನು ಮೀರಿ ಕಾಣಬಾರದು. ಒಬ್ಬರ ಹೆಜ್ಜೆಯ ಮುಕ್ತಾಯ ಇನ್ನೊಬ್ಬರ ಹೆಜ್ಜೆಗೆ ಎಡೆ ಮಾಡಿಕೊಡಬೇಕು. ಶೃಂಗಾರದ ಪದಗಳಲ್ಲಿ ಕಣ್ಣು, ಬೆರಳು, ಇಬ್ಬರ ನಡುವಿನ ಅಂತರ ಇವುಗಳಿಂದಲೇ ಹೆಚ್ಚಿನದನ್ನು ಹೇಳಬೇಕು. ಕೋಳ್ಯೂರು ರಾಮಚಂದ್ರ ರಾಯರು, ಪಾತಾಳ ವೆಂಕಟ್ರಮಣ ಭಟ್ಟರು ತೆಂಕಿನ ಸ್ತ್ರೀವೇಷಕ್ಕೆ ಕೊಟ್ಟ ಘನತೆಯಿಂದಾಗಿ ದಮಯಂತಿ, ದಾಕ್ಷಾಯಿಣಿ, ಅಂಬೆಯರು ನಾಯಕನ ನೆರಳಾಗದೆ ಜೋಡಿಯ ಸರಿಸಮ ಅರ್ಧವಾದರು.

ತಾಳಮದ್ದಳೆ: ತಿದ್ದಿ ಹೇಳುವ ಕಲೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಪಂಚೆ, ಶಲ್ಯದಲ್ಲಿ ಎದುರುಬದುರು ಕುಳಿತ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಕಥೆಯ ಘಟನೆಗಳೂ ಕೊನೆಯೂ ಅಲ್ಲಿಗೆ ಗೊತ್ತಾಗಿಬಿಟ್ಟಿರುತ್ತವೆ. ಆದರೆ ಆ ಘಟನೆ ಯಾಕಾಯಿತು, ಆಗುವಾಗ ಪಾತ್ರದ ಮನಸ್ಸಿನಲ್ಲಿ ಏನಿತ್ತು ಎಂಬುದು ಅರ್ಥಧಾರಿಯ ಸ್ವಂತ. ಇವತ್ತು ಹೇಳಿದ್ದನ್ನು ನಾಳೆ ಅವನೇ ಬದಲಾಯಿಸಬಹುದು. ಲೋಕದ ಬೇರೆ ಕಡೆಗಳಲ್ಲಿ ಕಥೆಯನ್ನು ಮೆಚ್ಚಿದ ಅಭಿಮಾನಿಗಳು ಕಾಗದದ ಮೇಲೆ ತಮ್ಮದೇ ಮುಂದುವರಿಕೆ ಬರೆದುಕೊಂಡರು. ಇಲ್ಲಿ ಅದೇ ಹಂಬಲ ಸಭೆಯ ಎದುರು, ಇನ್ನೊಬ್ಬ ಸಮರ್ಥನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ, ಪದ್ಯದ ಕಟ್ಟು ಮೀರದೆ ಬಾಯಿಮಾತಾಗಿ ಬೆಳೆಯಿತು. ಜೋಡಿಗಳ ಬಗೆಗಿನ ಒಲವಿಗೆ ಇಷ್ಟು ಗೌರವದ ಮನೆ ಬೇರೆ ಎಲ್ಲಿಯಾದರೂ ಸಿಕ್ಕಿರುವುದು ಅಪರೂಪ.

‘ಭೀಷ್ಮ ವಿಜಯ’ ಇದಕ್ಕೆ ಒಳ್ಳೆಯ ಉದಾಹರಣೆ. ಕಾಶೀರಾಜನ ಹಿರಿಯ ಮಗಳು ಅಂಬೆ ಸಾಲ್ವನನ್ನು ವರಿಸಿದವಳು. ಭೀಷ್ಮ ತಮ್ಮನಿಗಾಗಿ ಮೂವರು ಅಕ್ಕತಂಗಿಯರನ್ನೂ ಸ್ವಯಂವರದಿಂದ ಎತ್ತಿ ತರುತ್ತಾನೆ. ವಿಷಯ ತಿಳಿದು ಅಂಬೆಯನ್ನು ಬಿಟ್ಟುಕೊಡುತ್ತಾನೆ. ಸಾಲ್ವ, ಬೇರೊಬ್ಬ ಗೆದ್ದು ಒಯ್ದವಳು ತನಗೆ ಬೇಡ ಎನ್ನುತ್ತಾನೆ. ಹಿಂದಿರುಗಿದ ಅಂಬೆ ಭೀಷ್ಮನಿಗೆ, ಕೈ ಹಿಡಿದು ತಂದವನು ನೀನೇ, ನೀನೇ ಮದುವೆಯಾಗು ಎನ್ನುತ್ತಾಳೆ. ಭೀಷ್ಮನಿಗೆ ಪ್ರತಿಜ್ಞೆ. ಪರಶುರಾಮರು ನಡುವೆ ಬಂದರೂ ಆಗುವುದಿಲ್ಲ. ಕಥೆ ಇಷ್ಟೆ, ಎಲ್ಲರಿಗೂ ಗೊತ್ತಿರುವುದೇ.

ಕೂಟ ಸೇರಿದವರು ಕಾಯುವುದು ಇದರ ಸಂದುಗಳಿಗೆ. ಅಂಬೆ ಮತ್ತೆ ಬಂದು ನಿಂತಾಗ ಭೀಷ್ಮನ ಮನಸ್ಸು ಅಲುಗಿತೇ? ಒಬ್ಬ ಅರ್ಥಧಾರಿ ಭೀಷ್ಮನನ್ನು ಬಂಡೆಯ ಹಾಗೆ ಕೂರಿಸುತ್ತಾನೆ. ಇನ್ನೊಬ್ಬ, ಒಂದು ಕ್ಷಣ ಮಾತು ತಡೆದು, ಆಮೇಲೆ ಪ್ರತಿಜ್ಞೆಯ ಸುದ್ದಿ ಎತ್ತುತ್ತಾನೆ. ಆ ತಡೆಯಲ್ಲೇ ಸಭೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಅಂಬೆಯ ಅರ್ಥ ಹೇಳುವವರಲ್ಲೂ ಎರಡು ದಾರಿ. ಭೀಷ್ಮನನ್ನು ಕೇಳುವುದು ಬರೀ ನ್ಯಾಯಕ್ಕಾಗಿ ಎನ್ನುವುದು ಒಂದು. ರಥದಲ್ಲಿ ತಂದಾಗಲೇ ಅವಳ ಮನಸ್ಸು ಸಾಲ್ವನಿಂದ ಕದಲಿತ್ತು, ಅದನ್ನು ಅವಳೇ ಒಪ್ಪಿಕೊಳ್ಳುತ್ತಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರಿಗೆ ಅಂಬೆ–ಸಾಲ್ವರೇ ಜೋಡಿ, ಸಾಲ್ವ ಕೈಬಿಟ್ಟದ್ದೇ ದುರಂತ. ಎರಡನೆಯದನ್ನು ಒಪ್ಪಿದವರಿಗೆ ಇಡೀ ಮಹಾಭಾರತದ ಆಗದೇ ಹೋದ ಜೋಡಿ ಅಂಬೆ–ಭೀಷ್ಮರದು. ಅಂಬೆಯೇ ಮರಳಿ ಹುಟ್ಟಿದ ಶಿಖಂಡಿಯ ಎದುರು ಭೀಷ್ಮ ಬಿಲ್ಲು ಇಳಿಸುವುದಕ್ಕೂ ಆಗ ಬೇರೆಯೇ ಅರ್ಥ ಬರುತ್ತದೆ. ನನಗೆ ಎರಡನೆಯದು ಹೆಚ್ಚು ನಿಜವೆನಿಸುತ್ತದೆ. ಮೂಲ ಮಹಾಭಾರತ ಅದನ್ನು ಹೇಳುವುದಿಲ್ಲ, ನಿಜ. ಆದರೆ ಅದಕ್ಕೆ ಜಾಗವನ್ನು ಪೂರ್ತಿ ಮುಚ್ಚುವುದೂ ಇಲ್ಲ. ತಾಳಮದ್ದಳೆಗೆ ಬೇಕಾದದ್ದು ಅಷ್ಟು ಜಾಗ ಮಾತ್ರ.

ದೇರಾಜೆ ಸೀತಾರಾಮಯ್ಯ, ಶೇಣಿ ಗೋಪಾಲಕೃಷ್ಣ ಭಟ್ಟ (1918–2006), ಮಲ್ಪೆಯ ಸಾಮಗ ಸಹೋದರರು, ಕುಂಬಳೆ ಸುಂದರ ರಾಯರು ಮೊದಲಾದವರ ಕಾಲದಲ್ಲಿ ಈ ಕಲೆ ಪಾತ್ರಗಳ ಒಳಗನ್ನು ತೆರೆಯುವುದರಲ್ಲಿ ಬಹಳ ಎತ್ತರಕ್ಕೆ ಹೋಯಿತು. ಶೇಣಿಯವರ ರಾವಣ, ವಾಲಿಯರಿಂದಾಗಿ ಪ್ರತಿನಾಯಕರಿಗೂ ಒಂದು ಹೃದಯವಿದೆ ಎಂದು ಕೇಳುಗರು ಒಪ್ಪಿದರು. ಹಾಗಾದ ಮೇಲೆ ರಾವಣ–ಮಂಡೋದರಿಯರ ದಾಂಪತ್ಯವೂ, ವಾಲಿ–ತಾರೆಯರದ್ದೂ ಬರೀ ಅಡ್ಡಕಥೆಯಾಗಿ ಉಳಿಯಲಿಲ್ಲ.

ಈಶ್ವರಮಂಗಲದ್ದೇ ಆದ ಹನುಮಗಿರಿ ಮೇಳ ಆಡಿದ ‘ಶುಕ್ರನಂದನೆ’ ಕಚ–ದೇವಯಾನಿಯರ ಕಥೆ. ಸಂಜೀವಿನಿ ಕಲಿಯಲು ಬಂದ ಕಚನನ್ನು ದಾನವರು ಮತ್ತೆ ಮತ್ತೆ ಕೊಲ್ಲುತ್ತಾರೆ, ದೇವಯಾನಿಯ ಅಳುವಿಗೆ ಕರಗಿ ಶುಕ್ರ ಮತ್ತೆ ಮತ್ತೆ ಬದುಕಿಸುತ್ತಾನೆ. ಕೊನೆಯ ಸಲ ಬೂದಿಯಾಗಿ ಶುಕ್ರನ ಹೊಟ್ಟೆಯನ್ನೇ ಸೇರಿದ್ದ ಕಚ ಅಲ್ಲಿಂದ ಹುಟ್ಟಿ ಬರುತ್ತಾನೆ. ಆ ಕಾರಣಕ್ಕೇ, ನಿನ್ನ ತಂದೆಯ ಒಡಲಿಂದ ಬಂದ ನಾನು ನಿನಗೆ ಅಣ್ಣನಾದೆ ಎಂದು ದೇವಯಾನಿಯನ್ನು ಒಲ್ಲೆನೆನ್ನುತ್ತಾನೆ. ಅವಳ ಪ್ರೀತಿಯೇ ಅವನನ್ನು ಬದುಕಿಸಿದ್ದು, ಬದುಕಿಸಿದ ರೀತಿಯೇ ಪ್ರೀತಿಗೆ ಅಡ್ಡ. ಗಿರೀಶ ಕಾರ್ನಾಡರ ‘ಯಯಾತಿ’ (1961) ಓದಿದವರಿಗೆ ಪರಿಚಯವಾಗುವ ಕಹಿಯಾದ ದೇವಯಾನಿ ಈ ಕಥೆಯ ಆಚೆ ದಡದಲ್ಲಿ ನಿಂತವಳು. ಕಚನ ಕಥೆ ಗೊತ್ತಿದ್ದವರು ಅವಳನ್ನು ಬೇಗ ತಪ್ಪುಗಾರ್ತಿ ಎನ್ನಲಾರರು.

ಕವಿಗಳು ಮಾಡಿದ ಜೋಡಿಗಳು

ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಐವರ ಹೆಂಡತಿಯಾಗಿಸದೆ ಅರ್ಜುನನೊಬ್ಬನಿಗೆ ಕೊಟ್ಟ. ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದ ಕವಿಗೆ ಅದು ಅಗತ್ಯವಾಗಿತ್ತು. ಆದರೂ ಕಾವ್ಯದ ಕೊನೆಗೆ ಪಟ್ಟದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ಕೆಲವೇ ದಶಕಗಳ ಮೇಲೆ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನಾಗಿಸಿ, ದ್ರೌಪದಿಯ ಮುಡಿ ಕಟ್ಟಿದ ಅವನ ಪಕ್ಕದಲ್ಲೇ ಅವಳಿಗೆ ಪಟ್ಟ ಕಟ್ಟಿಸಿದ. ಹೀಗೆ ಹತ್ತನೆಯ ಶತಮಾನದ ಕನ್ನಡದಲ್ಲೇ ದ್ರೌಪದಿಗೆ ಎರಡು ಜೋಡಿ ಸಿದ್ಧವಾಗಿದ್ದವು. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ಕನ್ನಡಿಗರು ಬಹುಮಟ್ಟಿಗೆ ರನ್ನನ ಕಡೆಯವರೇ: ಕೀಚಕ ತಂದ ಸಂಕಟದ ರಾತ್ರಿ ದ್ರೌಪದಿ ಅಡುಗೆಮನೆಗೆ ಹೋಗಿ ಎಬ್ಬಿಸುವುದು ಭೀಮನನ್ನು ಎಂಬುದನ್ನು ಅವರು ಮರೆತಿಲ್ಲ.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ (1949) ಕಾವ್ಯದಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಕಳುಹಿಸಲಿಲ್ಲ. ರಾಮನೂ ಅಗ್ನಿಯನ್ನು ಹೊಕ್ಕು ಅವಳೊಡನೆ ಹೊರಬರುತ್ತಾನೆ. ಸಾವಿರಾರು ವರ್ಷ ಓದುಗರ ಎದೆಯಲ್ಲಿ ಚುಚ್ಚುತ್ತಿದ್ದ ಒಂದು ಮುಳ್ಳನ್ನು ಕವಿ ತೆಗೆದರು. ಎಂಟನೆಯ ಶತಮಾನದ ಸಂಸ್ಕೃತ ನಾಟಕಕಾರ ಭವಭೂತಿಯೂ ‘ಉತ್ತರರಾಮಚರಿತ’ದ ಕೊನೆಗೆ ಅಗಲಿದ ಇಬ್ಬರನ್ನೂ ಕೂಡಿಸಿದ್ದ. ಸೀತಾರಾಮರು ಒಟ್ಟಿಗಿರಬೇಕೆಂಬ ಜನರ ಆಸೆಗೆ ಇಷ್ಟು ದೊಡ್ಡ ಕವಿಗಳ ಕೈ ಸೇರಿದೆ.

ತುಳುನಾಡಿನವನೇ ಆದ ಮುದ್ದಣನದ್ದು (ನಂದಳಿಕೆ ಲಕ್ಷ್ಮೀನಾರಣಪ್ಪ, 1870–1901) ಇನ್ನೂ ವಿಶೇಷ. ‘ಶ್ರೀರಾಮಾಶ್ವಮೇಧ’ದ ಕಥೆ ಹೇಳುವವನು ಮುದ್ದಣ, ಕೇಳುವವಳು ಮಡದಿ ಮನೋರಮೆ. ಅವಳು ಸುಮ್ಮನೆ ಕೇಳುವವಳಲ್ಲ. ಯಾವ ಕಥೆ ಬೇಕು, ಪದ್ಯವೋ ಗದ್ಯವೋ, ಯಾವ ರಸ ಎಂಬುದನ್ನು ತಾನೇ ತಿಳಿಸುತ್ತಾಳೆ, ಸೊಪ್ಪು ಹಾಕದೆ ಇದ್ದರೆ ಮುನಿಯುತ್ತಾಳೆ. ಅಶ್ವಮೇಧದ ಕುದುರೆ ಎಲ್ಲೆಲ್ಲಿ ಹೋಯಿತು ಎಂಬುದು ಇಂದಿನ ಬಹುಪಾಲು ಓದುಗರಿಗೆ ನೆನಪಿಲ್ಲ. ಮುದ್ದಣ–ಮನೋರಮೆಯರ ಸಲ್ಲಾಪ ನೆನಪಿದೆ, ಶಾಲೆಯ ಪಾಠಗಳಲ್ಲಿ, ವೇದಿಕೆಗಳಲ್ಲಿ ಬದುಕಿದೆ. ಕಥೆಯ ಚೌಕಟ್ಟಿಗೆಂದು ಮಾಡಿದ ಜೋಡಿ ಕಥೆಯನ್ನೇ ಮೀರಿ ಜನರ ಜೋಡಿಯಾದ ಪ್ರಸಂಗ ಇದು.

ಒಂದಾಗದವರು

ಕನ್ನಡಿಗರು ಬಹುಕಾಲ ಮರೆಯದ ಜೋಡಿಗಳಲ್ಲಿ ಹೆಚ್ಚಿನವು ಒಂದಾಗದವು, ಇಲ್ಲವೇ ಒಂದಾಗಿ ಉಳಿಯದವು. ಆಟದಲ್ಲೇ ನೋಡಿದರೆ ಸುಧನ್ವ–ಪ್ರಭಾವತಿ: ಯುದ್ಧಕ್ಕೆ ತಡವಾಗಿ ಬಂದವನಿಗೆ ಕಾದ ಎಣ್ಣೆಯ ಕೊಪ್ಪರಿಗೆ ಎಂದು ತಂದೆ ಹಂಸಧ್ವಜನ ಕಟ್ಟಪ್ಪಣೆ, ಬಾಗಿಲಲ್ಲಿ ಸಂತಾನದ ಬಯಕೆ ಹೇಳಿಕೊಂಡು ತಡೆದು ನಿಂತ ಹೆಂಡತಿ. ಅವನು ನಿಲ್ಲುತ್ತಾನೆ. ಆ ಒಂದು ರಾತ್ರಿಯ ಜೋಡಿಗಾಗಿ ಊರಿಗೆ ಊರೇ ನಿದ್ದೆಗೆಟ್ಟು ಕೂತದ್ದಿದೆ.

ಸಿನಿಮಾದಲ್ಲೂ ಇದೇ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಬೆಳ್ಳಿಮೋಡ’ದಲ್ಲಿ (1967) ಇಂದಿರೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ನಿಶ್ಚಿತಾರ್ಥವಾಗಿದ್ದ ಮೋಹನ ದೂರವಾಗುತ್ತಾನೆ. ಗಾಯಗೊಂಡು ಅವಳ ಆರೈಕೆಯಲ್ಲಿ ಚೇತರಿಸಿಕೊಂಡು ಮನಸ್ಸು ಬದಲಿಸಿ ಕೈ ಚಾಚಿದಾಗ ಅವಳು ಒಲ್ಲೆನೆನ್ನುತ್ತಾಳೆ. ಕಲ್ಪನಾ ಮಾಡಿದ ಆ ಇಂದಿರೆಯ ‘ಒಲ್ಲೆ’ಯನ್ನು ಒಪ್ಪಿದವರೂ, ಒಪ್ಪಲಾರದೆ ಮನೆಗೆ ಹೋದವರೂ ಇದ್ದರು. ಇಬ್ಬರೂ ಅದನ್ನು ಮರೆಯಲಿಲ್ಲ.

ತ.ರಾ.ಸು. ಅವರ ಕಾದಂ­ಬರಿಗಳಿಂದ ಪುಟ್ಟಣ್ಣನವರೇ ತೆಗೆದ ‘ನಾಗರಹಾವು’ (1972) ರಾಮಾಚಾರಿಗೆ ಎರಡು ಜೋಡಿ ಕೊಟ್ಟು ಎರಡನ್ನೂ ಕಿತ್ತುಕೊಂಡಿತು. ಗುರು ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವನು ಅಲಮೇಲುವನ್ನು ಬಿಟ್ಟುಕೊಟ್ಟ. ಅವಳ ಬದುಕು ಹಾಳಾಯಿತು. ಮಾರ್ಗರೇಟಳನ್ನು ಬಿಡಲೊಪ್ಪದೆ ಚಿತ್ರದುರ್ಗದ ಬೆಟ್ಟದಿಂದ ಅವಳೊಡನೆ ಧುಮುಕಿದ. ಜಾತಿ, ಧರ್ಮಗಳ ಗೋಡೆಗೆ ಬಡಿದ ಆ ಎರಡು ಜೋಡಿಗಳು ಕನ್ನಡಿಗರ ಮನಸ್ಸಿನಲ್ಲಿ ಇತ್ಯರ್ಥವಾಗದ ಮೊಕದ್ದಮೆಯ ಹಾಗೆ ಉಳಿದುವು. 2014ರಲ್ಲಿ ಸಂತೋಷ್ ಆನಂದ್‌ರಾಮ್ ನಿರ್ದೇಶಿಸಿದ ಚಿತ್ರದ ಹೆಸರೇ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’. ಅದರ ನಾಯಕ, ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿದ್ದ ವಿಷ್ಣುವರ್ಧನರ ಅಭಿಮಾನಿ. ಒಲಿದ ಹುಡುಗಿಯನ್ನು ಮಾರ್ಗರೇಟ್ ಎಂದು ಕರೆಯುತ್ತಾನೆ. ನಲವತ್ತೆರಡು ವರ್ಷ ಹಿಂದೆ ಬೆಟ್ಟದಿಂದ ಬಿದ್ದ ಜೋಡಿಗೆ ಮದುವೆ ಮಾಡಿಸಿದ ಚಿತ್ರವೆಂದೇ ಅದನ್ನು ನೋಡಬೇಕು. ಅದರಲ್ಲಿ ಜೋಡಿಯಾದ ಯಶ್, ರಾಧಿಕಾ ಪಂಡಿತ್ 2016ರಲ್ಲಿ ನಿಜವಾಗಿಯೂ ಮದುವೆಯಾದಾಗ ತೆರೆಯ ಮೇಲಿನ ಜೋಡಿಯನ್ನು ಹಚ್ಚಿಕೊಂಡವರು ತಮ್ಮ ಮನೆಯದ್ದೇ ಶುಭಕಾರ್ಯ ಎಂಬಂತೆ ಸಂತೋಷಪಟ್ಟರು.

ಉಷಾ ನವರತ್ನರಾಮ್ ಅವರ ಕಾದಂಬರಿ ಆಧರಿಸಿದ ‘ಬಂಧನ’ (1984), ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಇದೇ ಸಾಲಿನವು. ಎರಡರಲ್ಲೂ ನಾಯಕಿಯ ಹೆಸರು ನಂದಿನಿ, ಎರಡರಲ್ಲೂ ನಾಯಕನಿಗೆ ಅವಳು ದಕ್ಕುವುದಿಲ್ಲ. ‘ಮುಂಗಾರು ಮಳೆ’ಯ ಪ್ರೀತಮ್ ನಂದಿನಿಯ ಮದುವೆಗೆ ದಾರಿ ಬಿಟ್ಟು ಹೊರಟುಹೋಗುತ್ತಾನೆ. ಕಥೆ ನಡೆಯುವುದು ಕೊಡಗಿನ ಮಳೆಯಲ್ಲಿ. ಸುಳ್ಯದವರಿಗೆ ಘಟ್ಟ ಹತ್ತಿದರೆ ಸಿಗುವ ಊರಿನದು. ವರ್ಷಕ್ಕೂ ಮೇಲೆ ಓಡಿದ ಆ ಚಿತ್ರವನ್ನು ಎರಡು, ಮೂರು ಸಲ ನೋಡಿದವರು ಕೊನೆ ಬದಲಾಗುವುದಿಲ್ಲವೆಂದು ತಿಳಿದೇ ಮತ್ತೆ ಹೋಗಿದ್ದರು, ಚಂದ್ರಹಾಸನ ಆಟಕ್ಕೆ ಹೋಗುವವರ ಹಾಗೆ.

ದಿನವೂ ಬರುವ ಜೋಡಿಗಳು

ಜೋಡಿಯ ಒಲವನ್ನು ದಿನನಿತ್ಯದ್ದಾಗಿಸಿದ್ದು ಮೊದಲು ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿ, ಆಮೇಲೆ ಟಿವಿ. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಬಂದ ‘ತರಂಗ’ ಇವುಗಳ ಧಾರಾವಾಹಿಗಳಿಗೆ ವಾರವಿಡೀ ಕಾಯುವ ಮನೆಗಳು ದಕ್ಷಿಣ ಕನ್ನಡದಲ್ಲಿ ಸಾಲುಸಾಲಾಗಿದ್ದವು. ಒಂದು ಪ್ರತಿ ನಾಲ್ಕು ಮನೆ ಸುತ್ತಿ ಬರುವಾಗ ನಾಯಕಿ ಯಾರನ್ನು ಆರಿಸಬೇಕೆಂಬ ತೀರ್ಪು ನಾಲ್ಕೂ ಮನೆಯಲ್ಲಿ ಬೇರೆ ಬೇರೆ ಆಗಿರುತ್ತಿತ್ತು.

ಟಿವಿಯಲ್ಲಿ ‘ಪುಟ್ಟಗೌರಿ ಮದುವೆ’ಯ ಗೌರಿ–ಮಹೇಶ, 2013ರಲ್ಲಿ ಆರಂಭವಾದ ‘ಅಗ್ನಿಸಾಕ್ಷಿ’ಯ ಸನ್ನಿಧಿ–ಸಿದ್ಧಾರ್ಥ, ‘ಗಟ್ಟಿಮೇಳ’ದ ವೇದಾಂತ್–ಅಮೂಲ್ಯ, ‘ಕನ್ನಡತಿ’ಯ ಹರ್ಷ–ಭುವನೇಶ್ವರಿ ಹೀಗೆ ಜೋಡಿಗಳ ಸಾಲು ದೊಡ್ಡದು. ಸುಮಾರಿಗೆ ಎಲ್ಲದಕ್ಕೂ ಒಂದೇ ಅಚ್ಚು: ಜಗಳ ಮೊದಲು, ಒಲವು ಆಮೇಲೆ, ನಡುವೆ ನೂರು ಕಂತಿನ ಅಡ್ಡಿ. ಅಡ್ಡಿಗಳನ್ನು ಎಳೆಯುವುದರಲ್ಲಿ ವ್ಯಾಪಾರದ ಲೆಕ್ಕವಿದೆ. ‘ಕನ್ನಡತಿ’ ಮಾತ್ರ ಭುವನೇಶ್ವರಿಯ ಕನ್ನಡಪ್ರೀತಿಯನ್ನೇ ಒಲವಿನ ದಾರಿಯಾಗಿಸಿತು. ಹರ್ಷನೊಂದಿಗೆ ನೋಡುಗರೂ ಪದಗಳನ್ನು ಕಲಿತರು. 2023ರಲ್ಲಿ ಆರಂಭವಾದ ‘ಅಮೃತಧಾರೆ’ಯ ಗೌತಮ್–ಭೂಮಿಕಾ ಹರೆಯ ದಾಟಿದವರು. ಅಂಥ ಜೋಡಿಯನ್ನು ಮನೆಮನೆಯಲ್ಲಿ ಅಷ್ಟು ಜನ ಹಚ್ಚಿಕೊಂಡದ್ದು ಸಂತೋಷದ ಸಂಗತಿ. ಎಳೆಯ ಅಭಿಮಾನಿಗಳು ಇಬ್ಬರ ಹೆಸರಿನ ಅಕ್ಷರಗಳನ್ನು ಬೆಸೆದು ಒಂದೇ ಹೆಸರು ಮಾಡುವುದು, ದೃಶ್ಯಗಳನ್ನು ಕತ್ತರಿಸಿ ಹಾಡಿಗೆ ಜೋಡಿಸುವುದು ಈಗ ಇಲ್ಲೂ ಮಾಮೂಲು.

2019ರಲ್ಲಿ ಬಂದ ‘ಜೊತೆ ಜೊತೆಯಲಿ’, ಮರಾಠಿಯ ‘ತುಲಾ ಪಾಹತೇ ರೇ’ ಆಧರಿಸಿದ್ದು. ವಯಸ್ಸಿನಲ್ಲಿ ಬಹಳ ಅಂತರವಿರುವ ಆರ್ಯವರ್ಧನ್–ಅನು ಜೋಡಿಯನ್ನು ಜನ ಬಹಳ ಒಪ್ಪಿಕೊಂಡರು. 2022ರಲ್ಲಿ ನಾಯಕನ ಪಾತ್ರದ ನಟ ಅನಿರುದ್ಧರ ಬದಲು ಹರೀಶ್ ರಾಜ್ ಬಂದಾಗ ಕಥೆಯೇ ನಾಯಕನಿಗೆ ಬೇರೆ ಮುಖ ಕೊಡಬೇಕಾಯಿತು. ನೋಡುಗರಲ್ಲಿ ಅನೇಕರಿಗೆ ಅದು ಒಗ್ಗಲಿಲ್ಲ. ಅವರು ಪ್ರೀತಿಸಿದ್ದು ಪಾತ್ರವನ್ನೋ ಮುಖವನ್ನೋ ಎಂಬ ಪ್ರಶ್ನೆ ಆಗ ಎದ್ದಿತು.

ಈ ಪ್ರಶ್ನೆ ನಳನ ಕಥೆಯಲ್ಲಿ ಎರಡು ಸಲ ಬರುತ್ತದೆ. ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ಹೊತ್ತು ಅವನ ಸಾಲಿನಲ್ಲಿ ನಿಲ್ಲುತ್ತಾರೆ. ಕಣ್ಣು ಮಿಟುಕಿಸುವ, ನೆರಳಿರುವ, ಬೆವರುವ ಮನುಷ್ಯನನ್ನು ದಮಯಂತಿ ಹುಡುಕಿ ಹಾರ ಹಾಕುತ್ತಾಳೆ. ಮುಂದೆ ಕಾರ್ಕೋಟಕ ಕಚ್ಚಿ ನಳ ಕುರೂಪಿ ಬಾಹುಕನಾಗುತ್ತಾನೆ. ಆಗ ಅವಳು ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿ ಗಂಡನನ್ನು ಗುರುತಿಸುತ್ತಾಳೆ. ಒಂದೇ ಮುಖ ಐವರಿಗಿದ್ದಾಗಲೂ, ಇದ್ದ ಮುಖ ಹೋದಾಗಲೂ ಅವಳಿಗೆ ಜೋಡಿ ತಪ್ಪಲಿಲ್ಲ. ಆಟ ನೋಡುವವರಿಗೂ ಇದೇ ಅಭ್ಯಾಸ. ನಳನ ವೇಷ ಮಾಡುವವರು ಮೇಳದಿಂದ ಮೇಳಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ. ಒಂದೇ ರಾತ್ರಿಯ ಆಟದಲ್ಲೂ ನಳನನ್ನು ಒಬ್ಬರು, ಬಾಹುಕನನ್ನು ಇನ್ನೊಬ್ಬರು ಮಾಡುತ್ತಾರೆ. ಜೋಡಿ ಮುರಿಯಿತೆಂದು ಯಾರಿಗೂ ಅನಿಸುವುದಿಲ್ಲ.

ಬೇರೆ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ‘ಕ್ಲಾರಿಸ್ಸಾ’ವನ್ನು (1747–48) ಬಿಡಿ ಸಂಪುಟಗಳಾಗಿ ಹೊರತರುತ್ತಿದ್ದಾಗ, ಅದನ್ನು ಸುಖಾಂತ ಮಾಡಬೇಕೆಂದು ಓದುಗರು ಪತ್ರ ಬರೆದು ಬೇಡಿದರು, ಅವನು ಒಪ್ಪಲಿಲ್ಲ. ಅಮೆರಿಕದ ಲೂಯಿಸಾ ಮೇ ಆಲ್ಕಾಟ್‌ಗೆ ‘ಲಿಟಲ್ ವಿಮೆನ್’ನ ಮೊದಲ ಭಾಗ (1868) ಓದಿದ ಹುಡುಗಿಯರು ಜೋ–ಲಾರಿಯರ ಮದುವೆಗೆ ಕಾದಿದ್ದಾರೆಂದು ತಿಳಿದಿತ್ತು. ಅವಳು ಮರುವರ್ಷದ ಎರಡನೆಯ ಭಾಗದಲ್ಲಿ ಜೋಳನ್ನು ಬೇರೊಬ್ಬನಿಗೆ ಕೊಟ್ಟಳು, ಓದುಗರು ಇಂದಿಗೂ ಅವಳೊಡನೆ ಜಗಳ ಬಿಟ್ಟಿಲ್ಲ. 1970ರ ದಶಕದಲ್ಲಿ ‘ಸ್ಟಾರ್ ಟ್ರೆಕ್’ನ ಕಿರ್ಕ್, ಸ್ಪಾಕ್ ಎಂಬ ಇಬ್ಬರು ಗಂಡಸರ ಸ್ನೇಹವನ್ನು ಪ್ರಣಯವಾಗಿ ಓದಿ ಕಥೆ ಬರೆದು ಹಂಚಿಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. 1993ರಲ್ಲಿ ಆರಂಭವಾದ ‘ದಿ ಎಕ್ಸ್ ಫೈಲ್ಸ್’ನ ಮಲ್ಡರ್–ಸ್ಕಲ್ಲಿ ಒಲಿಯಬೇಕೆಂದ ಅಭಿಮಾನಿಗಳಿಂದ ‘ಶಿಪ್ಪರ್’ ಎಂಬ ಪದ ಬಳಕೆಗೆ ಬಂತು. ಹ್ಯಾರಿ ಪಾಟರ್ ಕಥೆಗಳ ಲೇಖಕಿ ರೌಲಿಂಗ್, ಹರ್ಮಯನಿಯನ್ನು ರಾನ್‌ಗೆ ಜೋಡಿಸಿದ್ದರ ಬಗ್ಗೆ 2014ರಲ್ಲಿ ತಾವೇ ಅನುಮಾನ ತೋಡಿಕೊಂಡಾಗ ಪುಸ್ತಕ ಮುಗಿದ ಏಳು ವರ್ಷಕ್ಕೆ ಹಳೆಯ ವಾದವೆಲ್ಲ ಮತ್ತೆ ಎದ್ದಿತು.

ವೇಷ ಮತ್ತು ವ್ಯಕ್ತಿ

ಈ ಒಲವಿಗೆ ಒಂದು ಅಪಾಯವಿದೆ. ಪಾತ್ರಗಳ ಜೋಡಿಯನ್ನು ಮೆಚ್ಚಿದವರು ಅದನ್ನು ನಟನಟಿಯರ ಬದುಕಿನ ಮೇಲೆ ಹೇರಿ, ಅವರ ಮನೆ, ಮದುವೆ, ಸಂಗಾತಿಯರ ಬಗ್ಗೆ ಹಟ ಹಿಡಿಯುವುದು ಸಿನಿಮಾ, ಟಿವಿಗಳ ಕಾಲದಲ್ಲಿ ಹೆಚ್ಚಾಗಿದೆ. ಅದರಿಂದ ನೊಂದವರು ಇದ್ದಾರೆ. ಇದನ್ನು ಪ್ರೀತಿ ಎನ್ನಲಾಗದು.

ಯಕ್ಷಗಾನದ ಪ್ರೇಕ್ಷಕರು ಈ ಗೆರೆಯನ್ನು ಹಿಂದಿನಿಂದಲೂ ಚೆನ್ನಾಗಿ ಕಾಪಾಡಿಕೊಂಡಿದ್ದಾರೆ. ಸಂಪ್ರದಾಯದ ಮೇಳಗಳಲ್ಲಿ ಸ್ತ್ರೀವೇಷ ಮಾಡುವವರು ಗಂಡಸರು. ವಿಷಯೆಯೂ ಚಂದ್ರಹಾಸನೂ ಚೌಕಿಯಲ್ಲಿ ಪಕ್ಕಪಕ್ಕ ಕೂತು, ಒಂದೇ ಚಿಮಿಣಿ ದೀಪದಲ್ಲೋ ಈಗಿನ ಬಲ್ಬಿನ ಕೆಳಗೋ ಮುಖಕ್ಕೆ ಬಣ್ಣ ಹಚ್ಚಿಕೊಂಡವರು. ರಂಗಸ್ಥಳದಲ್ಲಿ ಆ ಇಬ್ಬರು ಒಲಿದದ್ದು ಸಭೆಗೆ ಪೂರ್ತಿ ನಿಜ. ಅದಕ್ಕಾಗಿ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಅದೇ ಕಲಾವಿದ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೂತಿದ್ದರೆ ‘ಭಟ್ರೇ, ರಾತ್ರಿ ವಿಷಯೆ ಭಾರೀ ಲಾಯ್ಕಾಯ್ತು’ ಎನ್ನುತ್ತಾರೆ, ಮನೆಯವರ ಕ್ಷೇಮ ಕೇಳುತ್ತಾರೆ, ಮುಂದಿನ ಆಟ ಎಲ್ಲಿ ಎನ್ನುತ್ತಾರೆ.

ಮಂಗಳ ಹಾಡಿ ಮುಗಿದ ಮೇಲೆ ಚೌಕಿಯಲ್ಲಿ ಮೊದಲು ಕಿರೀಟ, ಮುಡಿ ಇಳಿಯುತ್ತವೆ. ಆಭರಣಗಳು ಪೆಟ್ಟಿಗೆಗೆ ಹೋಗುತ್ತವೆ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ಉಜ್ಜಿದರೆ ಅರದಾಳವೂ ಕಾಡಿಗೆಯೂ ಒಂದಾಗಿ ಕರಗುತ್ತವೆ; ಹಳೆಯ ಬಟ್ಟೆಯ ತುಂಡಿನಿಂದ ಒರೆಸಿಕೊಳ್ಳುತ್ತಾರೆ. ಓಲೆಯ ಅಕ್ಷರ ತಿದ್ದಿದ ಕಿರುಬೆರಳಿನ ಉಗುರಿನ ಸಂದಿನ ಕಪ್ಪು ಮಾತ್ರ ಒಂದೇ ಸಲಕ್ಕೆ ಹೋಗುವುದಿಲ್ಲ.